ಎಣಿಸದ ನೀರು

ನನ್ನನ್ನು ಈ ಊರಿಗೆ ಮದುವೆ ಮಾಡಿ ಕೊಡುವಾಗ ನಮ್ಮಪ್ಪ ಗಂಡಿನ ಕಡೆಯವರನ್ನು ಕೇಳಿದ್ದು ಒಂದೇ ಪ್ರಶ್ನೆ: "ಹುಡುಗನಿಗೆ ಎಣಿಸೋಕೆ ಬರುತ್ತಾ?" ಅವರು ಬಿದ್ದು ಬಿದ್ದು ನಕ್ಕರಂತೆ. ಎಣಿಕೆ ಮನೆಯ ಹುಡುಗನಿಗೆ ಎಣಿಸಲು ಬರುತ್ತದೆಯೇ ಎಂದು ಕೇಳುವುದೂ ಒಂದೇ, ಮೀನಿನ ಮರಿಗೆ ಈಜು ಬರುತ್ತದೆಯೇ ಎಂದು ಕೇಳುವುದೂ ಒಂದೇ. ನಮ್ಮಪ್ಪ ಶಾಲೆಯಲ್ಲಿ ರಸಾಯನಶಾಸ್ತ್ರ ಹೇಳಿಕೊಡುತ್ತಿದ್ದವರು. ಎಣಿಸುವ ಅಳಿಯ ಎಂದರೆ ಸಾಕು, ಮರುಳಾಗಿ ತಾಂಬೂಲ ಬದಲಾಯಿಸಿಬಿಟ್ಟರು. ಏನನ್ನು ಎಣಿಸುತ್ತಾನೆ, ಏನನ್ನು ಬಿಡುತ್ತಾನೆ ಎಂದೂ ಕೇಳಬೇಕಿತ್ತು. ಕೇಳಲಿಲ್ಲ. ಅದರ ಫಲ ಉಂಡವಳು ನಾನು.

ಊರಿಗೆ ಇರುವುದು ಒಂದೇ ಬಾಗಿಲು, ಕಲ್ಲಿನದು. ಬರಿಗೈಯಲ್ಲಿ ಬಂದವರಿಗೆ ಅದರ ಪಕ್ಕದ ದಿಡ್ಡಿ ಬಾಗಿಲು ಸದಾ ತೆರೆದೇ ಇರುತ್ತದೆ. ಸೊಪ್ಪು, ತರಕಾರಿ, ಬಟ್ಟೆಬರೆಯ ವಿಷಯದಲ್ಲೂ ಅದು ದೊಡ್ಡ ಮನಸ್ಸು ಮಾಡುತ್ತದೆ. ಉಪ್ಪು, ಸಕ್ಕರೆ, ಸುಣ್ಣ, ಸೋಡಾ ಥರದ ಸಾಮಾನು ಕೈಯಲ್ಲಿದ್ದರೆ ಮಾತ್ರ ದಿಡ್ಡಿ ತಾನಾಗಿ ಮುಚ್ಚಿಕೊಳ್ಳುತ್ತದೆ. ಆಗ ಬೆಳಗಿನ ಹೊತ್ತಿನಲ್ಲಿ ಮಾತ್ರ, ದೊಡ್ಡ ಬಾಗಿಲ ಹೊರಗೆ ನಿಂತು, ಆ ಸಾಮಾನಿನಲ್ಲಿ ಯಾವ ಧಾತು ಎಷ್ಟು ಮೋಲ್ ಇದೆ ಎಂದು ಗಟ್ಟಿಯಾಗಿ ಹೇಳಬೇಕು. ಸರಿಯಾಗಿದ್ದರೆ ಬಾಗಿಲು ತೆರೆಯುತ್ತದೆ. ತಪ್ಪಿದರೆ ಆ ದಿನವೆಲ್ಲ ಯಾರ ಸಾಮಾನಿಗೂ ತೆರೆಯುವುದಿಲ್ಲ. ಯಾರು ಬೇಕಾದರೂ ಹೇಳುವ ಹಾಗೂ ಇಲ್ಲ. ಬಾಗಿಲು ಕಿವಿಗೊಡುವುದು ಒಬ್ಬರ ದನಿಗೆ ಮಾತ್ರ. ಅವರು ತೀರಿಕೊಂಡ ಮೇಲೆ ಅವರ ಮಗನ ದನಿಗೆ. ಈಗಿನ ಆ ಒಬ್ಬರು ನಮ್ಮ ಮಾವ, ಎಣಿಕೆ ಚನ್ನಪ್ಪಾಜಿಯವರು.

ಮೋಲ್ ಅಂದರೇನು ಎಂದು ಇಲ್ಲಿ ಯಾರೂ ಕೇಳುವುದಿಲ್ಲ. ಕಣಗಳನ್ನು ಒಂದೊಂದಾಗಿ ಎಣಿಸುತ್ತ ಕೂತರೆ ಮೊಮ್ಮಕ್ಕಳ ಕಾಲಕ್ಕೂ ಒಂದು ಚಿಟಿಕೆ ಉಪ್ಪು ಒಳಗೆ ಬರುವುದಿಲ್ಲ. ಅದಕ್ಕೇ ವೀಳ್ಯದೆಲೆಯ ಕಟ್ಟಿಗೆ ಕವಳಿಗೆ ಅನ್ನುವ ಹಾಗೆ ಕಣಗಳ ಕಟ್ಟಿಗೆ ಮೋಲ್. ಸಾಮಾನನ್ನು ತೂಗು, ಅದರ ಸೂತ್ರದ ತೂಕದಿಂದ ಭಾಗಿಸು, ಎಷ್ಟು ಮೋಲ್ ಬಂತೋ ಅಷ್ಟರಿಂದ ಸೂತ್ರದ ಒಂದೊಂದು ಅಂಕಿಯನ್ನೂ ಗುಣಿಸು, ಮುಗಿಯಿತು. ಸಕ್ಕರೆ ಅಂದರೆ ತೊಟ್ಟಿಲ ಕೂಸೂ 'ಹನ್ನೆರಡು, ಇಪ್ಪತ್ತೆರಡು, ಹನ್ನೊಂದು' ಅನ್ನುತ್ತದೆ. ಸುಣ್ಣದ ಸೂತ್ರದಲ್ಲಿ ಆವರಣದ ಹೊರಗೆ ನಿಂತ ಎರಡು ಒಳಗಿರುವ ಇಬ್ಬರಿಗೂ ಸೇರಿದ್ದು ಎನ್ನುವುದು ಎಲೆಯಡಿಕೆ ಮೆಲ್ಲುವ ಮುದುಕಿಗೂ ಗೊತ್ತು. ಹೆಣ್ಣು ನೋಡಲು ಹೋದರೆ ಹಾಡು ಹೇಳಿಸುವುದಿಲ್ಲ, ಅಡುಗೆ ಸೋಡಾ ಎಣಿಸು ಅನ್ನುತ್ತಾರೆ. ನಾನೂ ಎಣಿಸಿದ್ದೆ: ಸೋಡಿಯಂ ಒಂದು, ಜಲಜನಕ ಒಂದು, ಇಂಗಾಲ ಒಂದು, ಆಮ್ಲಜನಕ ಮೂರು. ಅವರು ತಲೆದೂಗಿದರು. ನನಗೆ ಆಗ ಎಷ್ಟು ಹೆಮ್ಮೆ! ಈಗ ನೆನೆದರೆ ನಗು ಬರುತ್ತದೆ.

ಇಷ್ಟೆಲ್ಲ ಜಾಣರು ಒಂದನ್ನು ಮಾತ್ರ ಎಣಿಸುವುದಿಲ್ಲ. ಅದು ನೀರು. ಮನೆಗೆ ಬಂದವರಿಗೆ ಕೊಟ್ಟ ನೀರನ್ನು ಎಣಿಸಬಾರದು ಎಂದು ಯಾವುದೋ ಕಾಲದ ಯಾರೋ ಪುಣ್ಯಾತ್ಮ ಹೇಳಿಹೋದನಂತೆ. ಒಳ್ಳೆಯ ಮಾತೇ. ಬಾಯಾರಿದವನ ಮುಂದೆ ಲೋಟ ಎಣಿಸುವವನು ಮನುಷ್ಯನೇ ಅಲ್ಲ. ಆದರೆ ಒಳ್ಳೆಯ ಮಾತು ನಮ್ಮೂರ ಹಿರೀಕರ ಕೈಗೆ ಸಿಕ್ಕರೆ ಅದರ ಗತಿ ನಾಯಿಗೂ ಬೇಡ. ಕೊಟ್ಟ ನೀರು ಎಣಿಸಬಾರದು ಎಂದಿದ್ದದ್ದು ಯಾವ ನೀರೂ ಎಣಿಸಬಾರದು ಎಂದಾಯಿತು. ಬಿಂದಿಗೆ ಎಣಿಸಬಾರದು, ಕೊಡ ಎಣಿಸಬಾರದು. ಹೊರಗಿನಿಂದ ನೀರು ತರಲಾಗಲಿ ಒಳಗಿನದನ್ನು ಆಚೆ ಒಯ್ಯಲಾಗಲಿ ಸಾಧ್ಯವೇ ಇಲ್ಲ, ಎಣಿಸದೆ ಬಾಗಿಲು ಬಿಡುವುದಿಲ್ಲವಲ್ಲ. ಕೊನೆಗೆ ಹರಳಿನೊಳಗೆ ಸೇರಿಕೊಂಡ ನೀರಿಗೂ ಇದೇ ಮರ್ಯಾದೆ ಸಂದಿತು. ಕೆಲವು ಹರಳುಗಳ ಸೂತ್ರದ ಕೊನೆಯಲ್ಲಿ ಇಷ್ಟು ನೀರು ಎಂದು ಬರೆದಿರುತ್ತದೆ. ಮುಟ್ಟಿದರೆ ಒಣಗಿರುತ್ತದೆ, ಒಳಗೆ ನೀರಿರುತ್ತದೆ. "ಉಪ್ಪಿನ ಮನೆಗೆ ಬಂದ ನೀರೂ ನೆಂಟರೇ ಅಲ್ಲವಾ?" ಎಂದರು ಹಿರೀಕರು, ಎಣಿಸದೆ ಬಿಟ್ಟರು.

ಬಾಗಿಲಿಗೆ ನಮ್ಮ ನೆಂಟಸ್ತಿಕೆ ಗೊತ್ತಿಲ್ಲವಲ್ಲ. ಮೈಲುತುತ್ತ ಬಂತು, ಅದಕ್ಕೆ ಐದು ನೀರು. ಬಿಟ್ಟು ಎಣಿಸಿದರು, ಬಾಗಿಲು ತೆರೆಯಲಿಲ್ಲ. ಒಗೆಯುವ ಸೋಡಾ ಹರಳು ಬಂತು, ಅದಕ್ಕೆ ಹತ್ತು ನೀರು. ಅದೂ ವಾಪಸು ಹೋಯಿತು. ಎಣಿಕೆ ತಪ್ಪಿರಬಹುದೇ ಎಂದು ಒಬ್ಬನಾದರೂ ತಲೆ ಕೆರೆದುಕೊಂಡನೇ? ಛೆ, ಛೆ. ಆ ಸಾಮಾನುಗಳೇ ಅಶುದ್ಧ ಎಂದು ತೀರ್ಮಾನವಾಯಿತು. ಎಟುಕದ ದ್ರಾಕ್ಷಿ ಹುಳಿ ಎಂಬ ಗಾದೆ ಬೇರೆ ಊರುಗಳಲ್ಲಿ ನರಿಗೆ ಅನ್ವಯಿಸುತ್ತದೆ. ನಮ್ಮೂರಿನಲ್ಲಿ ಅದೇ ಆಡಳಿತ.

ಹೀಗೆ ಹೊರಗುಳಿದವುಗಳಲ್ಲಿ ಪಟಿಕವೂ ಒಂದು. ಕ್ಷೌರ ಮಾಡಿದ ಮೇಲೆ ಗಲ್ಲಕ್ಕೆ ಉಜ್ಜುವ ಆ ಬಿಳಿ ಕಲ್ಲು. ನಮ್ಮ ತವರಿನಲ್ಲಿ ಮಳೆಗಾಲ ಬಂತೆಂದರೆ ಅದನ್ನು ದಾರಕ್ಕೆ ಕಟ್ಟಿ ಕೊಡದೊಳಗೆ ನಾಲ್ಕು ಸುತ್ತು ತಿರುಗಿಸುತ್ತಿದ್ದೆವು. ಒಂದು ಗಳಿಗೆ ಬಿಟ್ಟು ನೋಡಿದರೆ ಕೆಸರೆಲ್ಲ ತಳಕ್ಕಿಳಿದು ಮೇಲಿನ ನೀರು ತಿಳಿಯಾಗಿರುತ್ತಿತ್ತು. ಇಲ್ಲಿನ ಕೆರೆಯ ನೀರು ವರ್ಷದಲ್ಲಿ ಐದು ತಿಂಗಳು ರಾಗಿ ಅಂಬಲಿಯ ಹಾಗಿರುತ್ತದೆ. ಅದನ್ನೇ ಕುಡಿಯುತ್ತಾರೆ. ಕುಡಿದು ಹೊಟ್ಟೆ ಹಿಡಿದುಕೊಳ್ಳುತ್ತಾರೆ. ಹೊಟ್ಟೆ ಹಿಡಿದುಕೊಂಡೇ ಪಟಿಕ ಅಶುದ್ಧ ಅನ್ನುತ್ತಾರೆ. ನೀರನ್ನು ಇಷ್ಟೊಂದು ಗೌರವಿಸುವ ಊರನ್ನು ನಾನು ಬೇರೆ ಕಂಡಿಲ್ಲ, ಇಷ್ಟು ಕೊಳಕು ನೀರನ್ನೂ ಕಂಡಿಲ್ಲ.

ಮದುವೆಯಾಗಿ ಐದು ವರ್ಷ ನಾನೂ ಬಾಯಿ ಮುಚ್ಚಿಕೊಂಡು ಅದನ್ನೇ ಕುಡಿದೆ. ನನ್ನ ಗಂಡನ ಹೆಸರು ದೊರೆಸ್ವಾಮಿ. ಹೆಸರಿನಲ್ಲಿ ದೊರೆಯೂ ಇದ್ದಾನೆ, ಸ್ವಾಮಿಯೂ ಇದ್ದಾನೆ, ಮಾತಾಡುವವನು ಮಾತ್ರ ಇಲ್ಲ. ಅಪ್ಪ ತೂಗಿದ್ದನ್ನು ಬರೆದುಕೊಳ್ಳುವುದು, ಅಪ್ಪ ಹೇಳಿದ್ದಕ್ಕೆ ಹೂಂಗುಟ್ಟುವುದು ಅವರ ಕೆಲಸ. ಕೆಟ್ಟವರಲ್ಲ, ಪಾಪ. ಕೆಟ್ಟವರಾಗಲೂ ಸ್ವಲ್ಪ ಧೈರ್ಯ ಬೇಕು.

ನಮ್ಮ ಮಗಳು ನೀಲುವಿಗೆ ಎರಡೂವರೆ ತುಂಬಿದ ಮಳೆಗಾಲದಲ್ಲಿ ಭೇದಿ ಹತ್ತಿತು. ಎರಡು ದಿನ ಮನೆಯವರೆಲ್ಲ ಮಾಮೂಲಿ ಅಂದರು. ಮೂರನೆಯ ದಿನ ಅವಳ ಕಣ್ಣು ಒಳಗೆ ಹೋಗಿತ್ತು, ಅಳುವುದಕ್ಕೂ ತ್ರಾಣವಿರಲಿಲ್ಲ. ಆಸ್ಪತ್ರೆಯ ನರ್ಸ್ ಸುಶೀಲಮ್ಮ ಬಂದು ಅವಳ ಹೊಟ್ಟೆಯ ಚರ್ಮ ಹಿಡಿದೆತ್ತಿದರು. ಎತ್ತಿದ್ದು ಎತ್ತಿದ ಹಾಗೆಯೇ ನಿಂತಿತು.

"ಉಪ್ಪು ಸಕ್ಕರೆ ನೀರು ಕುಡಿಸ್ತಾನೇ ಇರಿ, ಪ್ರಮೀಳಾ," ಎಂದರು. ಆಮೇಲೆ ನಮ್ಮ ನೀರಿನ ಕೊಡದೊಳಗೆ ಇಣುಕಿ ಹಣೆ ಚಚ್ಚಿಕೊಂಡರು. "ಇದರಲ್ಲಾ ಕಲಸ್ತಿರೋದು? ಔಷಧಿನೂ ಕಾಯಿಲೆನೂ ಒಂದೇ ಲೋಟದಲ್ಲಿ ಕೊಟ್ರೆ ಮಗು ಯಾವುದನ್ನ ಅಂತ ಇಟ್ಕೊಳ್ಳತ್ತೆ?"

"ಕಾಯಿಸಿದೀನಿ, ಮೂರು ಮಡಿಕೆ ಬಟ್ಟೇಲಿ ಸೋಸಿದೀನಿ."

"ಕಾಯಿಸಿದ್ರೆ ಬಿಸಿ ಕೆಸರಾಯ್ತು, ಅಷ್ಟೆ. ಬಾಯಿಗೆ ಹಾಕಿದ್ರೆ ಕಕ್ತಾಳೆ. ಮೊದಲು ಈ ಮಣ್ಣು ಕೂರಬೇಕು, ಆಮೇಲೆ ಕಾಯಿಸ್ಬೇಕು. ಇನ್ನು ಎರಡು ದಿನ ಹೀಗೇ ಆದ್ರೆ ನನ್ನನ್ನ ಕರೀಬೇಡಿ, ನನ್ನ ಕೈಲಿ ನೋಡೋಕಾಗಲ್ಲ."

ಅವಳನ್ನು ಎತ್ತಿಕೊಂಡು ತವರಿಗೆ ಓಡೋಣವೆಂದರೆ ಒಂದೂವರೆ ದಿನದ ದಾರಿ. ಆ ಸ್ಥಿತಿಯಲ್ಲಿ ಕೂಸು ತಡೆಯುತ್ತಿರಲಿಲ್ಲ. ಆದರೆ ಭೇದಿ ಹತ್ತಿದ ದಿನವೇ ನಾನು ತಮ್ಮ ಸಿದ್ದರಾಜುವಿಗೆ ಹೇಳಿಕಳಿಸಿದ್ದೆ, ಪಟಿಕ ತಗೊಂಡು ಬಾ ಎಂದು. ಅವನು ನಾಲ್ಕನೆಯ ದಿನ ಮಧ್ಯಾಹ್ನ ಬಂದು ಬಾಗಿಲಾಚೆ ನಿಂತ, ಕೈಯಲ್ಲಿ ಕಾಗದ ಸುತ್ತಿದ ಕಲ್ಲು. ಕಾಗದದ ಮೇಲೆ ಅಪ್ಪನ ಕೈಬರಹದಲ್ಲಿ ಸೂತ್ರ, ಅದರ ಕೆಳಗೆ ತೂಕ: ಒಂಬೈನೂರ ನಲವತ್ತೆಂಟು ಗ್ರಾಂ. ಅಪ್ಪ ಅದನ್ನು ಅರದಿಂದ ಉಜ್ಜಿ ಉಜ್ಜಿ ಸರಿಯಾಗಿ ಎರಡು ಮೋಲ್‌ಗೆ ತಂದಿದ್ದರಂತೆ. ನಾನು ದಿಡ್ಡಿಯಿಂದ ಆಚೆ ಹೋಗಿ ಬಾಗಿಲ ಮುಂದೆ ನಿಂತು ಎಲ್ಲವನ್ನೂ ಎಣಿಸಿ ಹೇಳಿದೆ, ನೀರನ್ನೂ ಬಿಡದೆ. ಬಾಗಿಲು ಮಿಸುಕಲಿಲ್ಲ. ಸೊಸೆಯ ಮಾತನ್ನು ಮನುಷ್ಯರೇ ಕೇಳದ ಊರಿನಲ್ಲಿ ಕಲ್ಲು ಕೇಳೀತೇ?

ಮಾವ ಜಗುಲಿಯ ಮೇಲೆ ಕೂತಿದ್ದರು. ಹೋಗಿ ಅವರ ಮುಂದೆ ಕಾಗದ ಹರಡಿದೆ.

"ಮಾವ, ಹನ್ನೆರಡು ನೀರು ಸೇರಿಸಿದ್ರೆ ಪಟಿಕದ ಸೂತ್ರದ ತೂಕ ನಾನೂರ ಎಪ್ಪತ್ತನಾಲ್ಕು. ಕಲ್ಲು ಸರಿಯಾಗಿ ಅದರ ಎರಡರಷ್ಟಿದೆ. ನಾಳೆ ಬೆಳಗ್ಗೆ ಬಾಗಿಲ ಹತ್ರ ನೀವು..."

"ನೀರು ಸೇರಿಸಿದ್ರೆ ಅಂದ್ಯಲ್ಲಮ್ಮ, ಅಲ್ಲೇ ತಪ್ಪಿದ್ದು."

"ಬಿಟ್ರೆ ಇನ್ನೂರ ಐವತ್ತೆಂಟು. ಭಾಗಿಸಿ ನೋಡಿ, ಮೂರೂವರೆಗಿಂತ ಜಾಸ್ತಿ, ಮೂರೂಮುಕ್ಕಾಲಿಗಿಂತ ಕಡಿಮೆ. ಹಾಗೆ ಹೇಳಿದ್ರೆ ಬಾಗಿಲು ತೆಗಿಯಲ್ಲ."

"ತೆಗೀದಿದ್ರೆ ಕಲ್ಲು ಅಶುದ್ಧ ಅಂತ ಅರ್ಥ."

"ಅದರೊಳಗಿರೋ ನೀರು ಯಾರಿಗೂ ಕುಡಿಯೋಕೆ ಕೊಟ್ಟಿದ್ದಲ್ಲ ಮಾವ! ನಿಮ್ಮ ಮೊಮ್ಮಗಳು ಕುಡಿಯೋಕೆ ನೀರಿಲ್ದೆ ಒಳಗೆ ಮಲಗಿದಾಳೆ!"

ಅವರು ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸಿದರು. ಬಹಳ ನಿಧಾನವಾಗಿ ಒರೆಸಿದರು. "ಮೊಮ್ಮಗಳು ಅಂತಾನೇ ಹೇಳ್ತಿರೋದು. ಬೇರೆಯವರ ಮಗುವಾಗಿದ್ರೆ ಹಿರೀಕರನ್ನ ಸೇರಿಸಿ ಒಂದು ಮಾತು ಕೇಳಬಹುದಿತ್ತು. ನಮ್ಮನೆ ಮಗುಗೋಸ್ಕರ ನಾನೇ ಕಟ್ಟಳೆ ಮುರಿದ್ರೆ ಊರು ಏನಂದೀತು?"

ನೋಡಿ, ಎಂಥ ನ್ಯಾಯವಂತರು! ಬೇರೆಯವರ ಮಕ್ಕಳು ಸತ್ತಾಗ ಕಟ್ಟಳೆ, ನಮ್ಮ ಮಗು ಸಾಯುವಾಗ ನಿಸ್ವಾರ್ಥ. ನನ್ನ ಗಂಡ ಕಂಬದ ಪಕ್ಕ ನಿಂತು ಒಮ್ಮೆ ಅಪ್ಪನನ್ನೂ ಒಮ್ಮೆ ನನ್ನನ್ನೂ ನೋಡಿದರು. "ಏನಾದ್ರೂ ಹೇಳ್ರೀ!" ಎಂದು ಕಿರುಚಿದೆ. "ಅಪ್ಪ ಹೇಳೋದ್ರಲ್ಲೂ..." ಎಂದು ಶುರುಮಾಡಿದರು. ನಾನು ಪೂರ್ತಿ ಕೇಳದೆ ಒಳಗೆ ಹೋದೆ.

ಅಡುಗೆಮನೆಯಲ್ಲಿ ಅತ್ತೆ ಪುಟ್ಟತಾಯಮ್ಮ ನೀಲುವನ್ನು ತೊಡೆಯ ಮೇಲೆ ಹಾಕಿಕೊಂಡು ಚಮಚದಲ್ಲಿ ಗಂಜಿ ತಿಳಿ ಹನಿಸುತ್ತಿದ್ದರು. ನಮ್ಮ ಅತ್ತೆ ಮಾತು ಕಡಿಮೆಯ ಹೆಂಗಸು. ಐದು ವರ್ಷದಲ್ಲಿ ಅವರು ನನ್ನ ಹತ್ತಿರ ಆಡಿದ ಮಾತೆಲ್ಲ ಸೇರಿಸಿದರೆ ಒಂದು ಮದುವೆಯ ಕರೆಯೋಲೆ ತುಂಬುವುದಿಲ್ಲ. ಅವತ್ತು ಚಮಚ ಕೆಳಗಿಟ್ಟು ತಾವಾಗಿಯೇ ಮಾತಾಡಿದರು.

"ಆ ಕಲ್ಲು ಮುಂಚೆನೂ ಒಂದ್ಸಲ ಬಂದಿತ್ತು."

"ಯಾವಾಗ ಅತ್ತೆ?"

"ದೊರೆ ಹುಟ್ಟೋಕೆ ಮುಂಚೆ ಒಬ್ಬನಿದ್ದ. ಪ್ರಹ್ಲಾದ ಅಂತ. ಇವಳಷ್ಟೇ ಇದ್ದ. ಕಲ್ಲು ತಂದಿದ್ದು ನನ್ನ ತಮ್ಮ. ನಿಮ್ಮ ಮಾವ ಆಗ ಹೊಸದಾಗಿ ಬಾಗಿಲಿಗೆ ನಿಂತಿದ್ರು. ನೀರು ಬಿಟ್ಟು ಎಣಿಸಿದ್ರು, ತೆಗೀಲಿಲ್ಲ. ಮಾರನೇ ದಿನವೂ ಬಿಟ್ಟೇ ಎಣಿಸಿದ್ರು. ಮೂರನೇ ದಿನವೂ ಅಷ್ಟೇ." ಅತ್ತೆ ನೀಲುವಿನ ತುಟಿ ಒರೆಸಿದರು. "ನಾಲ್ಕನೇ ದಿನ ಎಣಿಸೋ ಕೆಲಸ ಇರ್ಲಿಲ್ಲ."

ಆ ಮನೆಯಲ್ಲಿ ಪ್ರಹ್ಲಾದನ ಹೆಸರನ್ನು ಯಾರೂ ಒಮ್ಮೆಯೂ ಎತ್ತಿರಲಿಲ್ಲ. ನನ್ನ ಗಂಡನಿಗೆ ಗೊತ್ತಿತ್ತೋ ಇಲ್ಲವೋ, ಅದೂ ನನಗೆ ಗೊತ್ತಿಲ್ಲ. ಅಳು ಬಂತು, ನಾನು ಅತ್ತುಬಿಟ್ಟೆ. ಅತ್ತೆ ಅಳಲಿಲ್ಲ. "ಹೋಗು, ಮುಖ ತೊಳ್ಕೋ," ಎಂದು ಮತ್ತೆ ಚಮಚ ಕೈಗೆತ್ತಿಕೊಂಡರು.

ಮಾರನೆಯ ಬೆಳಗ್ಗೆ ಬಾಗಿಲ ಮುಂದೆ ಜನ ಸೇರಿತ್ತು. ಬಂದ ಸಾಮಾನನ್ನು ಎಣಿಸದೆ ಬಿಡುವ ಹಾಗಿಲ್ಲ, ಅದು ಎಣಿಕೆ ಮನೆಯ ಧರ್ಮ. ಹಾಗಾಗಿ ಮಾವ ಎಣಿಸಲೇಬೇಕಿತ್ತು. ಎಣಿಸುತ್ತಾರೆ, ಬಾಗಿಲು ತೆರೆಯುವುದಿಲ್ಲ, ಕಲ್ಲು ಅಶುದ್ಧವೆಂದು ಇನ್ನೊಮ್ಮೆ ಸಾಬೀತಾಗುತ್ತದೆ, ಎಲ್ಲರೂ ತಿಂಡಿಗೆ ಹೋಗಬಹುದು ಎಂದುಕೊಂಡು ಬಂದವರೇ ಹೆಚ್ಚು. ಹಿರೀಕರ ಯಜಮಾನ ಸಂಪಂಗಪ್ಪ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸಿಕೊಂಡಿದ್ದರು. "ಮಗು ಹೇಗಿದೆಯಮ್ಮ?" ಎಂದು ನನ್ನನ್ನು ಕೇಳಿದರು. "ನೀರು ಕುಡಿಸ್ತಿದೀರಿ ತಾನೇ?"

ಮಗು ಮನೆಯಲ್ಲಿ ಕಣ್ಣು ಬಿಡುತ್ತಿರಲಿಲ್ಲ.

ಮಾವ ತಕ್ಕಡಿಯಲ್ಲಿ ಕಲ್ಲು ತೂಗಿದರು. ಅಪ್ಪ ಬರೆದ ತೂಕಕ್ಕೆ ಒಂದು ಗ್ರಾಂ ಆಚೀಚೆ ಇರಲಿಲ್ಲ. ಕಣ್ಣು ಮುಚ್ಚಿ ಮನಸ್ಸಿನಲ್ಲೇ ಭಾಗಿಸಿದರು. ಬಾಗಿಲ ಕಡೆ ತಿರುಗಿ ದನಿ ಎತ್ತಿದರು.

"ಪೊಟ್ಯಾಸಿಯಂ, ಎರಡು ಮೋಲ್!"

ಜನಕ್ಕೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಅವರ ಕೈಯಲ್ಲಿ ತಕ್ಕಡಿ ಇರಲಿಲ್ಲವಲ್ಲ. ನೀರು ಬಿಟ್ಟು ಭಾಗಿಸಿದವರ ಬಾಯಲ್ಲಿ ಮೂರು ಮತ್ತು ಚಿಲ್ಲರೆ ಬರಬೇಕಿತ್ತು. ಎರಡು ಬಂತು ಅಂದರೆ ಈ ಮನುಷ್ಯ ಭಾಗಿಸಿದ್ದು ನಾನೂರ ಎಪ್ಪತ್ತನಾಲ್ಕರಿಂದ. ಹನ್ನೆರಡು ನೀರನ್ನೂ ಒಂದೂ ಬಿಡದೆ ಒಳಗೊಳಗೇ ಸೇರಿಸಿಕೊಂಡಿದ್ದರು. ಇವರಿಗೆ ಗೊತ್ತಿತ್ತು! ಯಾವಾಗಿನಿಂದ ಗೊತ್ತಿತ್ತು ಎಂದು ಕೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ.

"ಅಲ್ಯೂಮಿನಿಯಂ, ಎರಡು. ಗಂಧಕ, ನಾಲ್ಕು. ಆಮ್ಲಜನಕ..."

ಅಲ್ಲಿ ನಿಂತರು. ನೀರು ಬಿಟ್ಟರೆ ಹದಿನಾರು, ಸೇರಿಸಿದರೆ ನಲವತ್ತು. ಆಮೇಲೆ ಜಲಜನಕ ಬೇರೆ ಬಾಕಿ. ನೀರು ಬಿಟ್ಟವರ ಎಣಿಕೆಯಲ್ಲಿ ಪಟಿಕಕ್ಕೆ ಜಲಜನಕವೇ ಇಲ್ಲ.

"ಎಂಟೆರಡ್ಲಿ ಹದಿನಾರು, ಚನ್ನಪ್ಪಾಜಿಯವ್ರೆ," ಎಂದು ಸಂಪಂಗಪ್ಪ ಕುರ್ಚಿಯಿಂದಲೇ ಉಪಕಾರ ಮಾಡಿದರು. ಹಿಂದಿನ ಸಾಲಿನವರೂ ಹದಿನಾರು, ಹದಿನಾರು ಎಂದು ಗುನುಗಿದರು. ಒಂದು ಹದಿನಾರು ಮಾವನ ಬಾಯಿಂದ ಬಿದ್ದಿದ್ದರೆ ಆ ದಿನ ಮುಗಿದಂತೆ. ನೀಲುವಿಗೆ ಇನ್ನೊಂದು ದಿನ ಇರಲಿಲ್ಲ.

ಆಗ ಜನ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಅತ್ತೆ ಬರುತ್ತಿದ್ದರು. ಪ್ರಹ್ಲಾದ ಹೋದ ಮೇಲೆ ಮೂವತ್ತನಾಲ್ಕು ವರ್ಷ ಬಾಗಿಲ ಕಡೆ ಕಾಲಿಡದ ಹೆಂಗಸು, ಸೆರಗಿನಲ್ಲಿ ಸುತ್ತಿದ ಮಗುವನ್ನು ಹೆಗಲಿಗೆ ಹಾಕಿಕೊಂಡು ನೆಟ್ಟಗೆ ಮಾವನ ಪಕ್ಕ ಬಂದು ನಿಂತರು. ನೀಲುವಿನ ಕೈ ಅವರ ಬೆನ್ನ ಮೇಲೆ ಜೋತುಬಿದ್ದಿತ್ತು. ಅತ್ತೆ ದನಿಯೇನೂ ಏರಿಸಲಿಲ್ಲ.

"ರೀ, ಈ ಸಲ ಮೂರು ದಿನ ಕಾಯೋಕೆ ನನ್ನ ಕೈಲಾಗಲ್ಲ."

ಮಾವ ಅವರ ಕಡೆ ನೋಡಲಿಲ್ಲ. ಮಗುವಿನ ಕೈ ನೋಡಿದರು. ಆಮೇಲೆ ಕೆಮ್ಮಿದರು. ಅಂಥ ಕೆಮ್ಮನ್ನು ನಾನು ಕೇಳಿರಲಿಲ್ಲ. ಹೊಟ್ಟೆಯಾಳದಿಂದ ಎದ್ದು ಬಂದು, ನಡುವೆ ಒಂದು ನಲವತ್ತನ್ನು ಹೊತ್ತುಕೊಂಡು ಹೊರಗೆ ಬಿತ್ತು. "ಜಲಜನಕ," ಎಂದರು. ಮತ್ತೆ ಕೆಮ್ಮಿದರು. ಇದು ಮೊದಲನೆಯದಕ್ಕಿಂತ ಉದ್ದ, ಒಳಗೆ ನಲವತ್ತೆಂಟಿತ್ತು.

ಬಾಗಿಲು ತೆರೆಯಿತು.

ಸಿದ್ದರಾಜು ಅಲ್ಲೇ ಕಾಯುತ್ತಿದ್ದವನು ತಕ್ಕಡಿಯಿಂದ ಕಲ್ಲು ಎತ್ತಿಕೊಂಡು ಒಳಗೆ ಓಡಿದ, ಅವನ ಹಿಂದೆ ಮಗುವನ್ನು ಹೊತ್ತು ಅತ್ತೆ. ನಾನೂ ಓಡಬೇಕಿತ್ತು, ಆದರೆ ತಕ್ಕಡಿಯ ಪಕ್ಕ ಬಿದ್ದಿದ್ದ ಅಪ್ಪನ ಕಾಗದ ಎತ್ತಿಕೊಳ್ಳಲು ಒಂದು ಕ್ಷಣ ನಿಂತೆ, ಹಾಗಾಗಿ ಮುಂದಿನ ಸಂಭಾಷಣೆ ನನ್ನ ಕಿವಿಗೆ ಬಿತ್ತು. ಸಂಪಂಗಪ್ಪ ಕುರ್ಚಿಯಿಂದ ಎದ್ದಿದ್ದರು.

"ಚನ್ನಪ್ಪಾಜಿಯವ್ರೆ, ಈಗ ನೀವು ಕೆಮ್ಮಿದ್ರಾ?"

"ಕೆಮ್ಮಿದೆ."

"ಎಣಿಸ್ಲಿಲ್ಲ ತಾನೇ?"

"ಕೆಮ್ಮನ್ನ ಎಣಿಕೆ ಅಂತ ಯಾರಾದ್ರೂ ಅಂತಾರಾ?"

ಸಂಪಂಗಪ್ಪ ಹಿಂದೆ ತಿರುಗಿ ಜನರ ಮುಖ ನೋಡಿದರು. ನಲವತ್ತು ಎಲ್ಲರಿಗೂ ಕೇಳಿಸಿತ್ತು. ಕೇಳಿಸಿತು ಎನ್ನುವವನೊಬ್ಬನೂ ಅಲ್ಲಿರಲಿಲ್ಲ. "ಸರಿ ಮತ್ತೆ," ಎಂದರು ಯಜಮಾನರು, "ಥಂಡಿ ಗಾಳಿ, ಹುಷಾರು." ಎಲ್ಲರೂ ತಿಂಡಿಗೆ ಹೋದರು.

ಕೊಡದಲ್ಲಿ ಪಟಿಕ ಆರು ಸುತ್ತು ತಿರುಗಿಸಿದೆ. ಮಣ್ಣು ಇಳಿಯುವ ತನಕ ಕೊಡದ ಮುಂದೆ ಕುಕ್ಕರಗಾಲಲ್ಲಿ ಕೂತೇ ಇದ್ದೆ. ತಿಳಿನೀರನ್ನು ಕಾಯಿಸಿ ಆರಿಸಿ ಉಪ್ಪು ಸಕ್ಕರೆ ಕಲಸಿ ಮೊದಲ ಚಮಚ ಹಾಕಿದೆ. ಕಕ್ಕಲಿಲ್ಲ. ಎರಡನೆಯದು ಹಾಕಿದೆ, ಅದನ್ನೂ ನುಂಗಿದಳು. ಸಂಜೆಯ ಹೊತ್ತಿಗೆ ಲೋಟ ಕಿತ್ತುಕೊಳ್ಳಲು ಕೈ ಚಾಚಿದಳು. ಸುಶೀಲಮ್ಮ ಬಂದು ಹೊಟ್ಟೆಯ ಚರ್ಮ ಹಿಡಿದು ಬಿಟ್ಟರು, ಅದು ಸ್ವಲ್ಪ ಸ್ವಲ್ಪವೇ ಕೆಳಗಿಳಿಯಿತು. "ಬದುಕಿತು ಬಡಜೀವ," ಎಂದರು. ನಾನು ಅವರ ಕಾಲು ಹಿಡಿಯಲು ಹೋದೆ, ಅವರು ಗದರಿದರು. ಅಂಥ ಸಂತೋಷ ನನಗೆ ಅವಳು ಹುಟ್ಟಿದಾಗಲೂ ಆಗಿರಲಿಲ್ಲ.

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿರುತ್ತಿತ್ತು. ಆದರೆ ನಮ್ಮೂರಿನಲ್ಲಿ ಒಂದು ಒಳ್ಳೆಯ ಕೆಲಸ ನಡೆದರೆ ಅದನ್ನು ಹಾಗೇ ಬಿಡುವ ಪದ್ಧತಿ ಇಲ್ಲ. ಮೂರೇ ದಿನದಲ್ಲಿ ಹಿರೀಕರು ಸೇರಿ ತೀರ್ಪು ಕೊಟ್ಟರು: ನೀರನ್ನು ಎಣಿಸಬಾರದು ಎಂಬ ಕಟ್ಟಳೆ ಯಾವತ್ತೂ ಇದ್ದ ಹಾಗೇ ಇದೆ, ಸೂತ್ರದಲ್ಲಿ ನೀರು ಬಂದ ಕಡೆ ಎಣಿಕೆಯವರು ಕೆಮ್ಮುವುದು ಪುರಾತನ ಸಂಪ್ರದಾಯ, ನಡುವೆ ಸ್ವಲ್ಪ ಕಾಲ ಮರೆತುಹೋಗಿತ್ತು. ಮಾರನೆಯ ವಾರ ಮೈಲುತುತ್ತ ಬಂತು, ಕೆಮ್ಮಿದರು, ಒಳಗೆ ಬಂತು. ಸೋಡಾ ಹರಳು ಬಂತು, ಕೆಮ್ಮಿದರು. ಮೊನ್ನೆಯವರೆಗೆ ಅಶುದ್ಧವಾಗಿದ್ದದ್ದನ್ನೆಲ್ಲ ಜನ ಸೇರುಗಟ್ಟಲೆ ಹೊತ್ತುಕೊಂಡು ಹೋದರು. ಮುಂದೆ ಬಾಗಿಲಿಗೆ ನಿಲ್ಲಬೇಕಾದ ನನ್ನ ಗಂಡ ದಿನಾ ಬೆಳಗ್ಗೆ ಹಿತ್ತಿಲಲ್ಲಿ ನಿಂತು ಕೆಮ್ಮುವುದನ್ನು ಅಭ್ಯಾಸ ಮಾಡತೊಡಗಿದರು. ಅವರ ಕೆಮ್ಮಿನಲ್ಲಿ ಅಂಕಿ ಸ್ಪಷ್ಟವಾಗಿ ಕೇಳಿಸಿಬಿಡುತ್ತದೆ ಎಂದು ಮಾವನಿಗೆ ಚಿಂತೆ.

ಮಗುವನ್ನು ಉಳಿಸಿದ, ಅದೂ ಒಂದು ತೊಟ್ಟು ನೀರನ್ನೂ ಎಣಿಸದೆ ಉಳಿಸಿದ ಮಾವನಿಗೆ ಸನ್ಮಾನವೆಂದೂ ಗೊತ್ತಾಯಿತು. ಒಂದು ಮಧ್ಯಾಹ್ನ ಸಂಪಂಗಪ್ಪ ಹತ್ತು ಮಂದಿಯನ್ನು ಕರೆದುಕೊಂಡು ನಮ್ಮ ಮನೆಗೇ ಬಂದರು. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಮೊಮ್ಮಗಳಿಗಾಗಿಯೂ ಕಟ್ಟಳೆ ಬಿಡದ ಧೀರ ಎಂದರು. ಮಾವ ತಲೆ ತಗ್ಗಿಸಿ ಕೂತಿದ್ದರು. ವಿನಯವೆಂದು ಎಲ್ಲರೂ ತಿಳಿದರು. ಮಾತಿನ ನಡುವೆ ನೀರು ಎಂಬ ಪದ ಬಂದಾಗಲೆಲ್ಲ ಹತ್ತೂ ಮಂದಿ ಗೌರವದಿಂದ ಒಂದೊಂದು ಸಲ ಕೆಮ್ಮಿದರು. ನೀಲು ಬಾಗಿಲಸಂದಿಯಲ್ಲಿ ನಿಂತು ಅವರನ್ನೇ ಅಣಕಿಸುತ್ತ ಖೊಕ್ ಖೊಕ್ ಎಂದು ನಗುತ್ತಿದ್ದಳು.

ಭಾಷಣ ಮುಗಿದು ಬಾಯಾರಿತು. ಅತ್ತೆ ತಟ್ಟೆಯಲ್ಲಿ ಲೋಟಗಳನ್ನಿಟ್ಟುಕೊಂಡು ಬಂದರು. ಬಾಗಿಲ ಮುಂದೆ ಆಡಿದ ಆ ಒಂದು ಮಾತಿನ ನಂತರ ಅವರು ಮಾವನ ಹತ್ತಿರ ಮಾತು ಬಿಟ್ಟಿದ್ದು ಮನೆಯೊಳಗಿನ ನಮಗೆ ಮಾತ್ರ ಗೊತ್ತಿತ್ತು. ಒಬ್ಬೊಬ್ಬರಿಗೂ ಕೊಟ್ಟರು. ಗಾಜಿನಂಥ ತಿಳಿನೀರು. "ಆಹಾ, ಏನು ತಿಳಿ, ಏನು ರುಚಿ!" ಎಂದರು ಸಂಪಂಗಪ್ಪ. "ತಾಯಿ, ನೀವು ಪುಣ್ಯವಂತರು, ಇಂಥ ಮನೆ, ಇಂಥ ಗಂಡ."

ಅತ್ತೆ ಕೊನೆಯ ಲೋಟವನ್ನು ಮಾವನ ಕೈಗೆ ಕೊಟ್ಟರು.

"ಕುಡೀರಿ," ಎಂದರು. "ಪ್ರಹ್ಲಾದನಿಗೆ ಅಂತ ಬಂದಿದ್ದ ನೀರಿದು. ಮೂವತ್ತನಾಲ್ಕು ವರ್ಷ ತಡವಾಯ್ತು. ಪರವಾಗಿಲ್ಲ, ತಣ್ಣಗಿದೆ."

ಶಾಲು ಮಾವನ ಹೆಗಲಿಂದ ಜಾರಿತು, ಯಾರೂ ಎತ್ತಿ ಹೊದಿಸಲಿಲ್ಲ. ಅವರ ಕೈಯ ಲೋಟ ವಾಲಿ ನೀರು ಪಂಚೆಯ ಮೇಲೆ ಚೆಲ್ಲಿತು. ಹನ್ನೊಂದು ಮಂದಿ ಗಂಡಸರು ಲೋಟ ಹಿಡಿದು ನೆಲ ನೋಡುತ್ತ ಕೂತಿದ್ದರು. ಒಬ್ಬರಿಗೂ ಕೆಮ್ಮು ಬರಲಿಲ್ಲ.